ಲಿಸ್ಬನ್: ಕಡಲ ಮಗ್ಗುಲಲ್ಲಿ ನೀರು ಹುಡುಕಿದ ರಾಜಧಾನಿ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮನ ಜಾತ್ರೆಗೆ ಹೆಸರಾದ ಊರು. ಹೆಸರಿನಲ್ಲಿ ಸಮುದ್ರವಿದೆ, ಆದರೆ ಅರಬ್ಬೀ ಸಮುದ್ರ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ದೊಡ್ಡ ಕೆರೆಗೆ, ಅದನ್ನು ನಂಬಿದ ಊರಿಗೆ ‘ಸಮುದ್ರ’, ‘ಸಾಗರ’ ಎಂದು ಹೆಸರಿಡುವುದು ಕನ್ನಡ ನಾಡಿನ ಹಳೆಯ ರೂಢಿ. ಅದೇ ಜಿಲ್ಲೆಯಲ್ಲಿ ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಜಲಾಶಯದ ಹೆಸರೂ ವಾಣಿವಿಲಾಸ ಸಾಗರ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ನಿಂತ ನೀರೇ ಸಮುದ್ರ.

ಇದಕ್ಕೆ ತೀರ ವ್ಯತಿರಿಕ್ತವಾದ ಊರೊಂದು ಯೂರೋಪಿನ ಪಶ್ಚಿಮದ ಅಂಚಿನಲ್ಲಿದೆ. ಅದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್. ಅಟ್ಲಾಂಟಿಕ್ ಸಾಗರವನ್ನು ಸೇರುವ ಮುನ್ನ ಟೇಗಸ್ ನದಿ ಇಲ್ಲಿ ಹಲವು ಕಿಲೋಮೀಟರು ಅಗಲಕ್ಕೆ ಹರಡಿಕೊಳ್ಳುತ್ತದೆ. ಆ ಹರವಿಗೆ ಅಲ್ಲಿನವರು ‘ಹುಲ್ಲಿನ ಸಮುದ್ರ’ ಎನ್ನುತ್ತಾರೆ. ಕಣ್ಣು ಹಾಯಿಸಿದಲ್ಲೆಲ್ಲ ನೀರು. ಆದರೆ ಭರತದಲ್ಲಿ ಕಡಲ ನೀರು ನುಗ್ಗುವುದರಿಂದ ಅದು ಕುಡಿಯಲು ಬಾರದು. ಹೀಗಾಗಿ ಕಡಲನ್ನಾಳಿದ ಈ ನಗರ ಶತಮಾನಗಳ ಕಾಲ ಬಾಯಾರಿಕೆಯಲ್ಲೇ ಬದುಕಿತು.

ನಮ್ಮ ನಾಡಿನಿಂದ ಹೋದವರಿಗೆ ಲಿಸ್ಬನ್ ಪೂರ್ತಿ ಪರಕೀಯವೆನಿಸದು. ಚಾವಿ, ಬಾಲ್ದಿ, ಅಲಮಾರು, ಪಾದ್ರಿ, ಇಸ್ತ್ರಿ ಇವೆಲ್ಲ ಪೋರ್ಚುಗೀಸರಿಂದ ನಮಗೆ ಬಂದ ಮಾತುಗಳು. ಅಲ್ಲಿನ ಅಂಗಡಿ ಬೀದಿಯಲ್ಲಿ ‘ಶಾವ್’, ‘ಬಾಲ್ದ್’ ಎಂಬ ಮಾತು ಕಿವಿಗೆ ಬಿದ್ದಾಗ ನೆಂಟರ ದನಿ ಕೇಳಿದಂತಾಗುತ್ತದೆ.

ಬಂದರಿನಿಂದ ಹಂಪೆಗೆ

ನಗರದ ಪಶ್ಚಿಮಕ್ಕೆ ಬೆಲೆಂ ಎಂಬ ನದೀತೀರದ ಬಡಾವಣೆಯಿದೆ. 1497ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಹೊರಟದ್ದು ಇಲ್ಲಿಂದ. ಹದಿನಾರನೆಯ ಶತಮಾನದ ಆರಂಭದಲ್ಲಿ ಕಟ್ಟಲಾದ ಬೆಲೆಂ ಗೋಪುರ ಮತ್ತು ಜೆರೋನಿಮೊಸ್ ಮಠ ಇಂದಿಗೂ ನಿಂತಿವೆ. ಮಠದ ಕಂಬಗಳಲ್ಲಿ ಹಗ್ಗ, ಹವಳ, ಕಡಲ ಸಸ್ಯಗಳ ಕೆತ್ತನೆಯನ್ನು ಕಾಣಬಹುದು. ಏಷ್ಯಾದ ಸಾಂಬಾರ ವ್ಯಾಪಾರದ ಮೇಲೆ ಹಾಕಿದ ಸುಂಕದಿಂದಲೇ ಈ ಮಠದ ವೆಚ್ಚ ನಡೆಯಿತು. ನಮ್ಮ ಪಶ್ಚಿಮ ಕರಾವಳಿಯ ಮೆಣಸಿಗೂ ಈ ಕಲ್ಲುಗಳಿಗೂ ಇರುವ ನಂಟು ಇದು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಹಡಗಿನಲ್ಲಿ ಬಂದಿಳಿಯುವ ಕುದುರೆಗಳಿಗೆ ವಿಜಯನಗರವೇ ದೊಡ್ಡ ಗಿರಾಕಿ. ಆ ನಂಟಿನಲ್ಲಿ ಹಂಪೆಗೆ ಬಂದವರಲ್ಲಿ ಡೊಮಿಂಗೊ ಪಾಯೆಸ್ ಮತ್ತು ಫರ್ನಾವೊ ನೂನಿಜ್ ಮುಖ್ಯರು. ಪಾಯೆಸ್ ಬಂದದ್ದು ಸುಮಾರು 1520ರಲ್ಲಿ. ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಅವನ ನಂತರದವನು. ಕೆರೆ ಕಟ್ಟುವ ಕೆಲಸವೊಂದನ್ನು ಪಾಯೆಸ್ ಕಣ್ಣಾರೆ ನೋಡಿದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲ ಕಾಣದ ಹಾಗೆ ದುಡಿಯುತ್ತಿದ್ದರು, ಏರಿ ಎರಡು ಮೂರು ಬಾರಿ ಒಡೆಯಿತು ಎಂದು ಅವನು ಬರೆದಿದ್ದಾನೆ.

ನೂನಿಜ್ ಹೇಳುವ ಸಂಗತಿ ಇನ್ನೂ ಸ್ವಾರಸ್ಯದ್ದು. ಕೃಷ್ಣದೇವರಾಯನ ಕೋರಿಕೆಯಂತೆ ಗೋವೆಯಿಂದ ಜೊವಾವ್ ಡೆಲ್ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ನಿಪುಣ ಬಂದು ಏರಿ ಕಟ್ಟಲು ನೆರವಾದನಂತೆ. ಕೆರೆ ನೀರು ಹಾಯುವ ಭೂಮಿಯನ್ನು ಅರಸ ಒಂಬತ್ತು ವರ್ಷ ಕಂದಾಯವಿಲ್ಲದೆ ಕೊಟ್ಟ. ಆಮೇಲೆ ಅದರ ಹುಟ್ಟುವಳಿ 20,000 ವರಹಗಳಿಗೆ ಮುಟ್ಟಿತು. ಇಬ್ಬರೂ ಹೇಳಿದ್ದು ಹೊಸಪೇಟೆಯ ಬಳಿಯ ದೊಡ್ಡ ಕೆರೆಯನ್ನೇ ಎಂಬುದು ರಾಬರ್ಟ್ ಸ್ಯೂವೆಲ್‌ನ ಅಭಿಪ್ರಾಯ. ಕಡಲ ರಾಜಧಾನಿಯ ಪ್ರಜೆ ಕನ್ನಡ ನಾಡಿನ ‘ಸಮುದ್ರ’ವೊಂದಕ್ಕೆ ಹೀಗೆ ಕೈ ಹಚ್ಚಿದ.

ಈ ಎರಡು ಬರಹಗಳ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಉಳಿದಿತ್ತು. ಡೇವಿಡ್ ಲೋಪೆಸ್ 1897ರಲ್ಲಿ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ಸ್ಯೂವೆಲ್ ಅದನ್ನು ಇಂಗ್ಲಿಷಿಗೆ ತಂದ. ವಿಜಯನಗರದ ಬಗ್ಗೆ ನಾವು ಓದುವ ಪಾಠಗಳಲ್ಲಿ ಬಹುಪಾಲು ಈ ಪುಟಗಳಿಗೆ ಋಣಿ.

ಒಂಬತ್ತೂವರೆಯ ಹೊತ್ತಿಗೆ

1755ರ ನವೆಂಬರ್ 1, ಶನಿವಾರ. ಸಕಲ ಸಂತರ ಹಬ್ಬ. ಜನ ಚರ್ಚುಗಳಲ್ಲಿ ಸೇರಿದ್ದರು. ಬೆಳಗ್ಗೆ ಒಂಬತ್ತೂವರೆ ದಾಟುತ್ತಿದ್ದಂತೆ ನೆಲ ನಡುಗಿತು. ಬದುಕುಳಿದವರು ಬಯಲಿದೆಯೆಂದು ನದೀತೀರಕ್ಕೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ನೀರು ಹಿಂದೆ ಸರಿದು, ಸುನಾಮಿಯಾಗಿ ಮರಳಿತು. ಹಬ್ಬಕ್ಕೆ ಹಚ್ಚಿದ್ದ ದೀಪಗಳಿಂದ, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. ನದೀತೀರದ ಅರಮನೆಯೊಂದಿಗೆ ಸುಮಾರು 70,000 ಪುಸ್ತಕಗಳ ಗ್ರಂಥಾಲಯವೂ ಭಾರತದ ವ್ಯವಹಾರ ನೋಡುತ್ತಿದ್ದ ಕಚೇರಿಯ ಕಡತಗಳೂ ನಾಶವಾದವು. ನಮ್ಮ ಕರಾವಳಿಯ ಇತಿಹಾಸದ ಎಷ್ಟೋ ಹಾಳೆಗಳು ಅಂದು ಬೂದಿಯಾದವು.

ಕೋಟೆಯ ಗೋಪುರದಲ್ಲಿದ್ದ ‘ತೋರೆ ದೊ ತೊಂಬೊ’ ಎಂಬ ರಾಜ್ಯದ ದಫ್ತರಖಾನೆಯೂ ಕುಸಿಯಿತು. ಅದರ ಮುಖ್ಯಸ್ಥ ಮ್ಯಾನುಯೆಲ್ ದ ಮಾಯಾ ಆಗ ಎಪ್ಪತ್ತೆಂಟರ ಹಿರಿಯ. ಅವಶೇಷದಡಿಯಿಂದ ಕಾಗದಪತ್ರಗಳನ್ನು ತೆಗೆಸಿ, ಮರದ ಗುಡಿಸಲಲ್ಲಿಟ್ಟು ಕಾಪಾಡಿದ. ರಾಜ್ಯದ ಮುಖ್ಯ ಎಂಜಿನಿಯರೂ ಅವನೇ. ಹೊಸ ನಗರದ ನಕ್ಷೆಯ ಹೊಣೆಯೂ ಅವನ ಹೆಗಲಿಗೆ ಬಿತ್ತು.

ಇಂದು ಬೈಶಾ ಎಂಬ ಪೇಟೆಯಲ್ಲಿ ಕಾಣುವ ನೇರ, ಅಗಲ ಬೀದಿಗಳು ಆ ನಕ್ಷೆಯ ಫಲ. ಅಲ್ಲಿನ ಕಟ್ಟಡಗಳ ಗೋಡೆಯೊಳಗೆ ಮರದ ಪಂಜರವಿದೆ. ನಿಂತ, ಅಡ್ಡ ಮತ್ತು ಓರೆ ತೊಲೆಗಳನ್ನು ಹೆಣೆದು, ಸಂದನ್ನು ಕಲ್ಲುಗಾರೆಯಿಂದ ತುಂಬಿದ ರಚನೆ ಅದು. ನೆಲ ಅಲುಗಿದಾಗ ಕಲ್ಲು ಬಿರಿಯುತ್ತದೆ. ಮರ ಬಾಗಿ, ಚಲನೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಮಾದರಿಯ ಸುತ್ತ ಸೈನಿಕರನ್ನು ಹೆಜ್ಜೆ ಹಾಕಿಸಿ ನೆಲ ಅದುರಿಸಿ ಪರೀಕ್ಷೆ ಮಾಡಿದರೆಂಬ ಪ್ರತೀತಿಯಿದೆ. 1993ರಲ್ಲಿ ಲಾತೂರ್ ಸೀಮೆಯಲ್ಲಿ ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಕುಸಿದುದನ್ನು ನೆನೆದರೆ ಈ ಪಂಜರದ ಬೆಲೆ ತಿಳಿಯುತ್ತದೆ.

ಕಾರ್ಮೊ ಮಠವನ್ನು ಮಾತ್ರ ಪೂರ್ತಿ ದುರಸ್ತಿ ಮಾಡದೆ ಬಿಟ್ಟಿದ್ದಾರೆ. ಚಾವಣಿಯಿಲ್ಲದ ಅದರ ಕಮಾನುಗಳ ನಡುವೆ ನಿಂತು ತಲೆಯೆತ್ತಿದರೆ ನೀಲಿ ಆಕಾಶ. ಲಿಸ್ಬನ್ನಿನಲ್ಲಿ ಮನಸ್ಸು ತುಂಬುವ ಜಾಗಗಳಲ್ಲಿ ಇದೂ ಒಂದು.

ಅಲುಗದ ಕಮಾನುಗಳು

ನೀರಿನ ಕತೆಗೆ ಮರಳೋಣ. 1731ರಲ್ಲಿ ಐದನೆಯ ಜೊವಾವ್ ದೊರೆ ಮೇಲ್ಗಾಲುವೆಯೊಂದಕ್ಕೆ ಅಪ್ಪಣೆಯಿತ್ತ. ಮಾಂಸ, ಎಣ್ಣೆ, ದ್ರಾಕ್ಷಾರಸಗಳ ಮೇಲಿನ ತೆರಿಗೆಯಿಂದ ಜನರೇ ಅದರ ಖರ್ಚು ಹೊತ್ತರು. ಕೆಲಸ ಮಾಡಿದ ಎಂಜಿನಿಯರುಗಳಲ್ಲಿ ಮಾಯಾ ಕೂಡ ಒಬ್ಬ. 1748ರಲ್ಲಿ ಗುಡ್ಡದ ಬುಗ್ಗೆಗಳ ನೀರು ನಗರ ತಲುಪಿತು. ಯಾವ ಯಂತ್ರವೂ ಇಲ್ಲ. ಸಣ್ಣ ಇಳಿಜಾರಿನಲ್ಲಿ ಗುರುತ್ವವೇ ನೀರನ್ನು ನಡೆಸಿತು. ಅಲ್ಕಾಂತರಾ ಕಣಿವೆಯನ್ನು ಅದು 35 ಕಮಾನುಗಳ ಮೇಲೆ ದಾಟುತ್ತದೆ. ಅತಿ ದೊಡ್ಡ ಕಮಾನಿನ ಎತ್ತರ ಸುಮಾರು 65 ಮೀಟರು. ಏಳು ವರ್ಷಗಳ ನಂತರದ ಆ ಭೂಕಂಪದಲ್ಲಿ ಈ ಕಮಾನುಗಳು ಬೀಳಲಿಲ್ಲ. 1960ರ ದಶಕದವರೆಗೂ ಇದರಲ್ಲಿ ನೀರು ಹರಿಯಿತು. ಈಗ ಇದು ನಗರದ ನೀರಿನ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಕೇಳಿ ಬರೆದಿಟ್ಟ ವಿಜ್ಞಾನ

ಭೂಕಂಪದ ನಂತರ ಮಂತ್ರಿ ಪೊಂಬಾಲ್ ಇನ್ನೊಂದು ಕೆಲಸ ಮಾಡಿಸಿದ. ದೇಶದ ಎಲ್ಲ ಚರ್ಚುಗಳಿಗೂ ಪ್ರಶ್ನಾವಳಿ ಹೋಯಿತು. ನಡುಕ ಎಷ್ಟು ಹೊತ್ತಿತ್ತು? ಕಡಲು ಮೊದಲು ಏರಿತೇ, ಇಳಿಯಿತೇ? ಬಾವಿ, ಬುಗ್ಗೆಗಳ ನೀರಿನಲ್ಲಿ ಏನಾದರೂ ಬದಲಾವಣೆಯಾಯಿತೇ? ಹಳ್ಳಿಹಳ್ಳಿಯ ಪಾದ್ರಿಗಳು ಕಂಡದ್ದನ್ನು, ಕೇಳಿದ್ದನ್ನು ಬರೆದು ಕಳಿಸಿದರು. ಆ ಉತ್ತರಗಳು ಇಂದಿಗೂ ತೋರೆ ದೊ ತೊಂಬೊದಲ್ಲಿವೆ. ಆಧುನಿಕ ವಿಜ್ಞಾನಿಗಳು ಅವುಗಳಿಂದಲೇ ಆ ಭೂಕಂಪದ ತೀವ್ರತೆಯ ನಕ್ಷೆ ಬರೆದರು. ಭೂಕಂಪ ವಿಜ್ಞಾನದ ಆರಂಭವನ್ನು ಹಲವರು ಇಲ್ಲಿಯೇ ಗುರುತಿಸುತ್ತಾರೆ.

ಲಿಸ್ಬನ್ ನೋಡುವ ಸುಖ ಕಪ್ಪು ಬಿಳುಪು ಕಲ್ಲು ಹಾಸಿದ ಏರುಬೀದಿಗಳಲ್ಲಿ, ಕಿರುಗುಟ್ಟುವ ಹಳದಿ ಟ್ರಾಮಿನಲ್ಲಿ, ಸಂಜೆ ಬಿಸಿಲಿನ ಟೇಗಸ್ ನದಿಯಲ್ಲಿ ಇದೆ. ಆದರೆ ಅದು ಕಲಿಸುವ ಪಾಠಕ್ಕೆ ವಿಮಾನದ ಟಿಕೆಟ್ಟು ಬೇಡ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದದ್ದು ದಾಖಲಾಗಿತ್ತು. ಆದುದರಿಂದಲೇ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗ, ಅದು 89 ವರ್ಷಗಳ ನಂತರದ್ದೆಂದು ಹೇಳಲು ಸಾಧ್ಯವಾಯಿತು. ನಮ್ಮ ಊರುಗಳ ಸಣ್ಣ ಕೆರೆಗಳ ಮಾತೇನು? ಯಾವ ವರ್ಷ ಕೋಡಿ ಬಿತ್ತು, ಯಾವ ಬರದಲ್ಲಿ ಬಾವಿ ಬತ್ತಿತು, ಮೊದಲ ಕೊಳವೆಬಾವಿ ಎಷ್ಟು ಅಡಿಗೆ ನೀರು ಕೊಟ್ಟಿತು ಎಂಬುದು ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ. ಶಾಲೆಯ ಮಕ್ಕಳು ಒಂದು ನೋಟ್ ಪುಸ್ತಕ ಹಿಡಿದು ಕೇಳಿ ಬರೆದುಕೊಂಡರೆ, ಗೌರಸಮುದ್ರದಂಥ ಊರಿಗೂ ತನ್ನದೇ ಒಂದು ದಫ್ತರಖಾನೆ ಆದೀತು. ಹೇಳುವವರು ಇರುವಾಗಲೇ ಆ ಕೆಲಸ ಆಗಬೇಕು.