ಗದ್ದೆಗೆ ಬಂದ ಹಂದಿ: ಕೋವಿ ಕಾಲದಿಂದ ಕಾಯಿದೆ ಕಾಲಕ್ಕೆ

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಸಾಲ, ಗೊಬ್ಬರ, ಷೇರಿನ ವಿಷಯ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾವು ಹಂದಿ ವಿಷಯ ಬರೀತೀವಿ ಅಂದಾಗ ಸಭೆಯಲ್ಲಿ ಕೆಲವರು ನಕ್ಕರು. ಆದರೆ ಬೆಳೆಸಾಲ ತೀರಿಸಬೇಕಾದ ಭತ್ತವನ್ನೇ ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ಮಗುಚಿ ಹಾಕಿದರೆ ನಗು ಎಲ್ಲಿಂದ ಬರಬೇಕು?

ಹಿಂದೆ ನಮ್ಮ ಮಲೆನಾಡಿನಲ್ಲಿ ಹಂದಿ ಬೇಟೆ ಅಂದರೆ ಊರೊಟ್ಟಿನ ಕೆಲಸ. ಹಳು ನುಗ್ಗಿ ಕೂಗುವವರು ಒಂದು ಕಡೆ, ಹಂದಿ ಹಾಯುವ ಕಂಡಿಯಲ್ಲಿ ಕೇಪಿನ ಕೋವಿ ಹಿಡಿದು ನಿಲ್ಲುವವರು ಇನ್ನೊಂದು ಕಡೆ. ನಿಂತ ಜಾಗ ಬಿಟ್ಟು ಕದಲಬಾರದು, ಹಳುವಿನವರು ಬರುವ ದಿಕ್ಕಿಗೆ ಗುರಿ ಇಡಬಾರದು, ಗಾಯದ ಹಂದಿಯನ್ನು ಹಾಗೇ ಬಿಟ್ಟು ಬರಬಾರದು. ಹೊಡೆದವನಿಗೆ ಹೆಚ್ಚಿನ ಪಾಲು, ನಾಯಿಗೂ ಪಾಲು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಮೀರಿದವನನ್ನು ಮುಂದಿನ ಬೇಟೆಗೆ ಕರೆಯುತ್ತಿರಲಿಲ್ಲ, ಅಷ್ಟೇ.

ಸರ್ಕಾರದ ನಿಯಮವೂ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ ಬಂದಿತ್ತು. 1959ರ ಆಯುಧ ಕಾಯಿದೆಯಲ್ಲಿ ಬೆಳೆ ಕಾಯಲು ಮೂತಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ. ಈ ಲೈಸೆನ್ಸೇ ಬೇಟೆ ಪರ್ಮಿಟ್ ಅಂತ ಇವತ್ತಿಗೂ ಅನೇಕರು ತಿಳಿದಿದ್ದಾರೆ. ಅದು ತಪ್ಪು. ಕೋವಿ ಇಡುವುದಕ್ಕೆ ಒಂದು ಕಾಯಿದೆ, ಹಂದಿಗೆ ಇನ್ನೊಂದು.

ಆ ಇನ್ನೊಂದೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಮೊದಮೊದಲು ಲೈಸೆನ್ಸ್ ಪಡೆದು ಬೇಟೆಯಾಡಲು ಅದರಲ್ಲೂ ದಾರಿ ಇತ್ತು. 1991ರ ತಿದ್ದುಪಡಿಯಿಂದ ಅದು ಮುಚ್ಚಿತು. ಜಮೀನು ನಮ್ಮದೇ, ಪಹಣಿ ನಮ್ಮದೇ ಆದರೂ ಹಂದಿ ನಮ್ಮದಲ್ಲ. ಉರುಳು ಹಾಕುವುದು, ಹಿಡಿಯಲೆಂದು ಸೋವುವುದು ಕೂಡ ಕಾಯಿದೆಯ ಲೆಕ್ಕದಲ್ಲಿ ಬೇಟೆಯೇ. ಮೂರನೇ ಪಟ್ಟಿಯಲ್ಲಿದ್ದ ಹಂದಿ 2022ರ ತಿದ್ದುಪಡಿಯಲ್ಲಿ ಎರಡನೇ ಪಟ್ಟಿಗೆ ಬಂತು. ಇದು 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೂ 11ನೇ ಕಲಮಿನ ಪ್ರಕಾರ, ನಿಂತ ಬೆಳೆಗೆ ಅಪಾಯವಾದರೆ ಅಧಿಕಾರ ಪಡೆದ ಅರಣ್ಯಾಧಿಕಾರಿ ಕಾರಣ ಬರೆದು ಹೊಡೆಯಲು ಅನುಮತಿ ಕೊಡಬಹುದು. ಹೊಡೆದ ಹಂದಿ ಸರ್ಕಾರದ ಸ್ವತ್ತು. ಪಕ್ಕದ ಕೇರಳದಲ್ಲಿ 2022ರಲ್ಲಿ ಈ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೇ ಕೊಟ್ಟರು. ನಮಗೂ ಅದೇ ಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಬೇಲಿಗೆ ನೇರ ಕರೆಂಟ್ ಕೊಡುವವರಿಗೆ ಮಾತ್ರ ನಾವು ಕೈ ಮುಗಿದು ಹೇಳ್ತೀವಿ, ಬೇಡ. ನಮ್ಮ ಕಡೆಯ ಒಂದು ಊರಲ್ಲಿ ಹಂದಿಗೆಂದು ಎಳೆದ ತಂತಿಗೆ, ಬೆಳಗಿನ ಜಾವ ನೀರು ಕಟ್ಟಲು ಹೋದ ಮನೆಮಗನೇ ಸಿಕ್ಕಿ ಹೋದ. ತಡೆತಡೆದು ಹೊಡೆಯುವ ಸೋಲಾರ್ ಬೇಲಿ ಬೇರೆ, ಇದು ಬೇರೆ.

ಹಂದಿ ನುಗ್ಗಿದ ಮಾರನೇ ಬೆಳಿಗ್ಗೆಯೇ ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಬರೆಯಲು ಬಾರದ ಸದಸ್ಯರು ಸಂಘಕ್ಕೆ ಬಂದರೆ ನಾವೇ ಬರೆದು ಕೊಡ್ತೀವಿ.