ಕಿವಿ ಕೇಳದ ನಟನ ಕನ್ನಡ ನುಡಿ

ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುವೆಂಬುದನ್ನು ಚೆನ್ನೈ ಕನ್ನಡಿಗರಾದ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಯೊಡನೆ ನೆನೆಯಲೇಬೇಕಾದ ಹೆಸರು ಟಿ. ಎನ್. ಬಾಲಕೃಷ್ಣ ಅವರದು. ಕನ್ನಡಿಗರ ಬಾಯಲ್ಲಿ ಅವರು 'ಬಾಲಣ್ಣ'.

1911ರಲ್ಲಿ ಅರಸೀಕೆರೆಯಲ್ಲಿ ಜನಿಸಿದ ಬಾಲಕೃಷ್ಣರು ವೃತ್ತಿ ನಾಟಕ ಕಂಪನಿಗಳಲ್ಲಿ ಪಳಗಿದವರು. ಅವರಿಗೆ ಕಿವಿ ಬಹಳ ಮಂದ. ಎದುರು ಪಾತ್ರದ ಮಾತು ಮುಗಿದೊಡನೆ ತನ್ನ ಮಾತನ್ನೆತ್ತಿಕೊಳ್ಳುವುದು ನಟನ ಮೊದಲ ಪಾಠವಷ್ಟೆ. ಕೇಳಿಸದವರು ಅದನ್ನು ಕಲಿಯುವುದೆಂತು? ಎದುರಿನವರ ತುಟಿಗಳ ಚಲನೆಯನ್ನು ನೋಡಿಯೇ ಅವರು ಮಾತು ಹಿಡಿದರು. 1943ರ 'ರಾಧಾರಮಣ'ದಿಂದ ಮೊದಲ್ಗೊಂಡು ಸುಮಾರು ಅರ್ಧ ಶತಮಾನ ಕಾಲ, 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು.

ಹಾಸ್ಯ, ಕುಹಕ, ಕರುಣೆ ಮೂರೂ ಅವರಿಗೆ ಒಲಿದಿದ್ದುವು. ನಗಿಸುತ್ತ ನಗಿಸುತ್ತಲೇ ಮನೆ ಮುರಿಯುವ ಖಳನನ್ನು ಕಂಡು ಶಾಪ ಹಾಕಿದ ಪ್ರೇಕ್ಷಕರೇ, 1972ರ 'ಬಂಗಾರದ ಮನುಷ್ಯ'ದಲ್ಲಿ ರಾಜೀವನಿಗೆ ಬೆಂಬಲವಾಗಿ ನಿಂತ ರಾಚೂಟಪ್ಪನನ್ನು ಕಂಡು ಕಣ್ಣೊರೆಸಿಕೊಂಡರು.

ಮದರಾಸಿನಲ್ಲಿ ಕನ್ನಡ ಕಲಾವಿದರಿಗೆ ಕೆಲಸ ಸಾಲದಿದ್ದ ದಿನಗಳಲ್ಲಿ ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಹಾಗೂ ಬಾಲಕೃಷ್ಣ ಸಂಘ ಕಟ್ಟಿ, ನಾಡಿನಲ್ಲಿ ನಾಟಕವಾಡಿ ಹಣ ಕೂಡಿಸಿದರು. ಅದರ ಫಲವೇ 1960ರ 'ರಣಧೀರ ಕಂಠೀರವ'. ಕೆಲಸ ಕೊಡುವವರಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ.

ಕನ್ನಡ ಚಿತ್ರ ಕನ್ನಡ ನೆಲದಲ್ಲಿಯೇ ಅರಳಬೇಕೆಂಬುದು ಬಾಲಣ್ಣನವರ ಹಂಬಲ. 1969ರಲ್ಲಿ ಸರ್ಕಾರ ಕೆಂಗೇರಿಯ ಬಳಿ ಮಂಜೂರು ಮಾಡಿದ 20 ಎಕರೆ ನೆಲದಲ್ಲಿ 'ಅಭಿಮಾನ್ ಸ್ಟುಡಿಯೋ' ಕಟ್ಟಲು ತಮ್ಮ ಗಳಿಕೆಯನ್ನು ಸುರಿದರು. ಅವರೆಣಿಸಿದಂತೆ ಅದು ಬೆಳೆಯಲಿಲ್ಲ. 1995ರ ಜುಲೈ 19ರಂದು ಅವರು ತೀರಿಕೊಂಡರು. 2009ರಲ್ಲಿ ನಟ ವಿಷ್ಣುವರ್ಧನರ ಅಂತ್ಯಕ್ರಿಯೆ ಅಲ್ಲಿಯೇ ನಡೆಯಿತು. 2025ರ ಆಗಸ್ಟಿನಲ್ಲಿ ಆ ಸಮಾಧಿಯನ್ನು ಕೆಡವಿದರು. ಈಚೆಗೆ ಬಾಲಣ್ಣನವರ ಸ್ಟುಡಿಯೋ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ನೆಲದ ವ್ಯಾಜ್ಯದ ಸುದ್ದಿಯಾಗಿ. ಅವರ ಕಲೆಯೂ ಆ ವ್ಯಾಜ್ಯದಲ್ಲಿ ಮುಚ್ಚಿಹೋಗಬಾರದು.

ಬೀದಿಯಲ್ಲಿ ಕನ್ನಡ ಕಿವಿಗೆ ಬೀಳದ ಊರಿನಲ್ಲಿ ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ. ಅವರನ್ನು ಕೂರಿಸಿಕೊಂಡು ಬಾಲಣ್ಣನವರದೊಂದು ಚಿತ್ರ ನೋಡೋಣ. ಕೇಳಿಸದೆಯೂ ಇಷ್ಟು ಸ್ಪಷ್ಟವಾಗಿ ಕನ್ನಡ ನುಡಿದವರೊಬ್ಬರಿದ್ದರೆಂದು ತಿಳಿದರೆ, ಕೇಳಬಲ್ಲ ಮಕ್ಕಳು ನುಡಿಯಲು ಹಿಂಜರಿಯಲಾರರು.