ಮದುವೆ ಸೀರೆ ಆನ್‌ಲೈನ್‌ನಲ್ಲಿ ತರಿಸಬಹುದೇ? ನಿರ್ಧಾರಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಭಾಗದಲ್ಲಿ ಮದುವೆ ನಿಶ್ಚಯವಾದ ಬಳಿಕ ನಡೆಯುವ ಮೊದಲ ದೊಡ್ಡ ಕೆಲಸವೆಂದರೆ ಜವಳಿ ತೆಗೆಯುವುದು. ಎರಡೂ ಮನೆಯ ಹಿರಿಯರು ಒಂದು ದಿನ ಗೊತ್ತುಮಾಡಿಕೊಂಡು ಬಿ.ಸಿ.ರೋಡಿಗೋ, ಮಂಗಳೂರಿಗೋ ಹೋಗಿ, ಧಾರೆ ಸೀರೆಯಿಂದ ಮೊದಲ್ಗೊಂಡು ನೆಂಟರಿಗೆ ಕೊಡುವ ಉಡುಗೊರೆಯವರೆಗೆ ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಆರಿಸುವುದು ಹಿಂದಿನಿಂದ ಬಂದ ರೂಢಿ. ಈಗ ಅದೇ ಸೀರೆಗಳು ಮೊಬೈಲ್ ಪರದೆಯ ಮೇಲೆ, ಅನೇಕ ವೇಳೆ ಕಡಿಮೆ ಬೆಲೆಗೆ ಕಾಣಿಸುತ್ತವೆ. ಮದುಮಗಳು ಬೆಂಗಳೂರಿನಲ್ಲೋ, ಮುಂಬಯಿಯಲ್ಲೋ, ಗಲ್ಫ್ ದೇಶದಲ್ಲೋ ಉದ್ಯೋಗದಲ್ಲಿದ್ದರೆ ಅಂಗಡಿಗೆ ಬರಲು ಬಿಡುವೂ ಇರುವುದಿಲ್ಲ. ಹೀಗಾಗಿ ಆನ್‌ಲೈನ್ ಖರೀದಿ ಸರಿಯೇ, ತಪ್ಪೇ ಎಂಬ ಪ್ರಶ್ನೆ ಮನೆಮನೆಗಳಲ್ಲಿ ಏಳುವುದು ಸಹಜ.

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಯಾವ ಬಟ್ಟೆ, ಯಾರಿಂದ, ಮುಹೂರ್ತಕ್ಕೆ ಎಷ್ಟು ದಿನ ಮೊದಲು ಎಂಬ ಮೂರು ಅಂಶಗಳ ಮೇಲೆ ಉತ್ತರ ನಿಂತಿದೆ.

ಮುಹೂರ್ತ ಕಾಯುವುದಿಲ್ಲ

ಇತರ ಖರೀದಿಗೂ ಮದುವೆಯ ಖರೀದಿಗೂ ಇರುವ ಮುಖ್ಯ ವ್ಯತ್ಯಾಸ ದಿನಾಂಕ. ತಪ್ಪು ಸೀರೆ ಬಂದರೆ ಹಣ ಹಿಂದಕ್ಕೆ ಬರಬಹುದು. ಆದರೆ ಧಾರೆಯ ಹೊತ್ತಿಗೆ ಉಡಲು ಸೀರೆ ಬೇಕೇ ಬೇಕು. ಆದ್ದರಿಂದ ಲೆಕ್ಕವನ್ನು ಮದುವೆಯ ದಿನದಿಂದ ಹಿಂದಕ್ಕೆ ಎಣಿಸುವುದು ಕ್ರಮ.

ಸೀರೆ ಮನೆಗೆ ತಲುಪಲು 10 ದಿನ, ಪರಿಶೀಲಿಸಿ ಹಿಂದಿರುಗಿಸಲು 10 ದಿನ, ಬದಲಿ ಸೀರೆ ಬರಲು 15 ದಿನ ಎಂದು ಇಟ್ಟುಕೊಳ್ಳೋಣ. ಅನಂತರ ಫಾಲ್ ಹೊಲಿಗೆ, ಸೆರಗಿಗೆ ಕುಚ್ಚು, ರವಿಕೆ ಹೊಲಿಗೆ ಮತ್ತು ಅದರ ಮೇಲಿನ ಕಸೂತಿ. ಮದುವೆಯ ಹಂಗಾಮಿನಲ್ಲಿ ದರ್ಜಿಗಳ ಬಳಿ ಇದಕ್ಕೆ ಮೂರು ವಾರ ಹಿಡಿದರೆ ಅಚ್ಚರಿಯಿಲ್ಲ. ಒಟ್ಟು ಸುಮಾರು 55 ದಿನ. ಆದುದರಿಂದ ಧಾರೆ ಸೀರೆಯನ್ನು ಆನ್‌ಲೈನ್‌ನಲ್ಲಿ ತರಿಸುವುದಿದ್ದರೆ ಎರಡು ತಿಂಗಳ ಅವಕಾಶವಿರಬೇಕು. ಒಂದು ತಿಂಗಳಿಗಿಂತ ಕಡಿಮೆ ಇದ್ದರೆ ಅಂಗಡಿಯೇ ಸುರಕ್ಷಿತ.

ಮಳೆಗಾಲದಲ್ಲಿ ಈ ಲೆಕ್ಕಕ್ಕೆ ಇನ್ನಷ್ಟು ದಿನ ಸೇರಿಸಬೇಕು. ಆಟಿ ತಿಂಗಳಲ್ಲಿ ತುಳುನಾಡಿನಲ್ಲಿ ಮದುವೆಗಳು ನಡೆಯುವುದಿಲ್ಲವಾದರೂ, ಮುಂದಿನ ತಿಂಗಳುಗಳ ಮದುವೆಗೆ ಸೀರೆ ತರಿಸುವುದು ಅದೇ ದಿನಗಳಲ್ಲಿ. ಬೆಂಗಳೂರು ಕಡೆಯ ಸರಕು ಘಟ್ಟ ಇಳಿದೇ ಬರಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿತ್ತು; 2024ರ ಜುಲೈನಲ್ಲಿ ಶಿರಾಡಿ ಮಾರ್ಗದಲ್ಲೂ ಭೂಕುಸಿತದಿಂದ ಅಡಚಣೆ ಉಂಟಾಗಿತ್ತು. ಆರ್ಡರ್ ಮಾಡುವ ಮುನ್ನ ತಮ್ಮ ಊರಿನ ಪಿನ್ ಸಂಖ್ಯೆಯನ್ನು ನಮೂದಿಸಿ, ತಲುಪುವ ದಿನಾಂಕದ ಜೊತೆಗೆ ಹಿಂದಕ್ಕೆ ಒಯ್ಯುವ ಸೌಲಭ್ಯವೂ ಇದೆಯೇ ಎಂದು ನೋಡಬೇಕು. ತಂದುಕೊಡುವ ವ್ಯವಸ್ಥೆ ಇದ್ದು, ಮರಳಿ ಒಯ್ಯುವ ವ್ಯವಸ್ಥೆ ಇಲ್ಲದ ಹಳ್ಳಿಗಳೂ ಇರುತ್ತವೆ.

ಹೆಸರು ಒಂದು, ನೂಲು ಇನ್ನೊಂದು

ಆನ್‌ಲೈನ್‌ನಲ್ಲಿ ಅತಿ ಹೆಚ್ಚು ಮೋಸಹೋಗುವುದು ಹೆಸರಿನಿಂದ. ‘ಕಾಂಚೀಪುರಂ ರೇಷ್ಮೆ’ ಮತ್ತು ‘ಕಾಂಚೀಪುರಂ ಶೈಲಿ’ ಒಂದೇ ಅಲ್ಲ. ‘ಆರ್ಟ್ ಸಿಲ್ಕ್’ ಎಂದರೆ ಕಲಾತ್ಮಕ ರೇಷ್ಮೆಯಲ್ಲ, ಕೃತಕ ರೇಷ್ಮೆ. ‘ಸೆಮಿ ಸಿಲ್ಕ್’, ‘ಸಿಲ್ಕ್ ಬ್ಲೆಂಡ್’ ಎಂಬಲ್ಲಿ ಬೇರೆ ನೂಲು ಬೆರೆತಿರುತ್ತದೆ. ಇಂತಹ ಸೀರೆ ಕೊಳ್ಳುವುದು ತಪ್ಪಲ್ಲ. ಶುದ್ಧ ರೇಷ್ಮೆಯ ಬೆಲೆ ತೆತ್ತು ಕೊಳ್ಳುವುದು ತಪ್ಪು.

ಶುದ್ಧ ರೇಷ್ಮೆಯನ್ನು ಗುರುತಿಸಲು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ‘ಸಿಲ್ಕ್ ಮಾರ್ಕ್’ ಜಾರಿಗೆ ಬಂದಿದೆ. ಈ ಚೀಟಿ ಬಟ್ಟೆ ನೈಸರ್ಗಿಕ ರೇಷ್ಮೆಯದೆಂದು ಸಾರುತ್ತದೆ. ಆದರೆ ಜರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಅಸಲಿ ಜರಿಯಲ್ಲಿ ರೇಷ್ಮೆ ನೂಲಿನ ಮೇಲೆ ಬೆಳ್ಳಿಯ ಎಳೆ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತದೆ. ನಕಲಿಯಲ್ಲಿ ತಾಮ್ರವೋ ಪ್ಲಾಸ್ಟಿಕ್ ಎಳೆಯೋ ಇರುತ್ತದೆ. ಮಾರಾಟಗಾರರಲ್ಲಿ ಜರಿ ಯಾವುದೆಂದು ಪ್ರತ್ಯೇಕವಾಗಿ ಕೇಳಿ, ಲಿಖಿತ ಉತ್ತರ ಪಡೆಯುವುದು ಒಳಿತು.

ಮೈಸೂರು ರೇಷ್ಮೆಯನ್ನು ಬಯಸುವವರಿಗೆ ದಾರಿ ಸರಳ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯನ್ನು ಇಂದು ನಡೆಸುತ್ತಿರುವುದು ಸರ್ಕಾರಿ ಸ್ವಾಮ್ಯದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ. ತನ್ನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುವುದಾಗಿ ನಿಗಮ ಪ್ರಕಟಿಸಿದೆ. ಪ್ರತಿ ಸೀರೆಗೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಬೇರೆ ಮಾರಾಟಗಾರರು ‘ಮೈಸೂರ್ ಸಿಲ್ಕ್’ ಎಂದು ಕ್ರೇಪ್ ಸೀರೆಗಳನ್ನು ಮಾರುವಾಗ ಈ ಸಂಖ್ಯೆಯನ್ನು ಕೇಳಬೇಕು.

ಸೀರೆ ಕೈಸೇರಿದ ಮೇಲೂ ಒಂದು ಪರೀಕ್ಷೆಯಿದೆ. ಸೆರಗಿನ ತುದಿಯಲ್ಲಿ ಬಿಟ್ಟ ನೂಲಿನಿಂದ ಒಂದೆರಡು ಎಳೆ ತೆಗೆದು ಸುಟ್ಟರೆ, ರೇಷ್ಮೆಯಾದಲ್ಲಿ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದಲ್ಲಿ ಕರಗಿ ಗಟ್ಟಿ ಮಣಿಯಾಗುತ್ತದೆ. ನೇಯ್ಗೆಗೆ ಹಾನಿಯಾಗದಂತೆ ಎಚ್ಚರ ವಹಿಸುವುದು ಅಗತ್ಯ.

ಮಾರಾಟಗಾರ ಯಾರು?

ದೊಡ್ಡ ಜಾಲತಾಣದ ಹೆಸರು ಕಂಡೊಡನೆ ನಂಬುವಂತಿಲ್ಲ. ಅಲ್ಲಿ ಮಾರುವವರು ಬೇರೆ ಬೇರೆ ವ್ಯಾಪಾರಿಗಳು. 2020ರ ಜುಲೈನಲ್ಲಿ ಜಾರಿಗೊಂಡ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ, ಒಟ್ಟು ಬೆಲೆ, ಹಿಂದಿರುಗಿಸುವ ಹಾಗೂ ಹಣ ಮರುಪಾವತಿಯ ಷರತ್ತುಗಳು ಗ್ರಾಹಕರಿಗೆ ಕಾಣುವಂತಿರಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸುವ ಅಧಿಕಾರಿಯೂ ಇರಬೇಕು.

ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್‌ಗಳಲ್ಲಿ ಚಿತ್ರ ತೋರಿಸಿ ಮುಂಗಡ ಕೇಳುವವರ ವಿಷಯದಲ್ಲಿ ಹೆಚ್ಚಿನ ಜಾಗ್ರತೆ ಬೇಕು. ಅವರ ಜಿಎಸ್‌ಟಿ ಸಂಖ್ಯೆ ಕೇಳಿ, ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸಬಹುದು. ಆ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ತಮಿಳುನಾಡಿಗೆ 33, ಗುಜರಾತಿಗೆ 24. ‘ಕಾಂಚೀಪುರದ ನೇಕಾರರಿಂದ ನೇರವಾಗಿ’ ಎನ್ನುವವರ ಸಂಖ್ಯೆ 24ರಿಂದ ಆರಂಭವಾದರೆ ಅದೇ ಮೋಸವೆಂದಲ್ಲ. ಆದರೆ ಏಕೆಂದು ಕೇಳಬೇಕಾದ ಪ್ರಶ್ನೆ. ಹಣ ‘ಹಿಂದಿರುಗಿಸಲು’ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಎಂದವರು ಖಂಡಿತ ವಂಚಕರು. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.

ಸೀರೆಯ ನಿಜ ಬಣ್ಣ ತಿಳಿಯಲು ಹಗಲು ಬೆಳಕಿನಲ್ಲಿ ತೆಗೆದ ವಿಡಿಯೋ ಕೇಳಬೇಕು. ರವಿಕೆ ಕಣ ಸೇರಿ ಸೀರೆ ಸಾಮಾನ್ಯವಾಗಿ 6.2ರಿಂದ 6.3 ಮೀಟರ್ ಇರುತ್ತದೆ. ಇದರಲ್ಲಿ ಕಡಿಮೆಯಾದರೆ ನೆರಿಗೆಗೆ ಸಾಲದೆ ಹೋದೀತು. ತೂಕವನ್ನೂ ಕೇಳಿಡುವುದು ಲೇಸು. ಭಾರದ ಸೀರೆ ಉಟ್ಟು ಧಾರೆಯಿಂದ ಊಟದವರೆಗೆ ನಿಲ್ಲಬೇಕಾದವಳು ಮದುಮಗಳು.

ಕ್ರೈಸ್ತ ಮದುವೆಗಳಲ್ಲಿ ಬಿಳಿ ಗೌನಿನ ಸಮಸ್ಯೆ ಬೇರೆ. ಅಳತೆಗೆ ಹೊಲಿಸಿದ ಗೌನುಗಳನ್ನು ಮಾರಾಟಗಾರರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ವಿದೇಶಿ ತಾಣಗಳಿಂದ ತರಿಸಿದರೆ ಆಮದು ಸುಂಕ ಸೇರಿ, ಅಗ್ಗವೆನಿಸಿದ್ದು ದುಬಾರಿಯಾಗಬಹುದು. ಅದೇ ಮದುವೆಯ ಕೆಂಪು ಸಾಡೊ ಸೀರೆಗೆ ಅಳತೆಯ ತೊಡಕಿಲ್ಲ.

ಪೊಟ್ಟಣ ಬಿಚ್ಚುವಾಗ

ಮುದ್ರೆ ಒಡೆಯುವುದರಿಂದ ಸೀರೆ ಪೂರ್ತಿ ಬಿಡಿಸುವವರೆಗೆ ತಡೆಯಿಲ್ಲದೆ ವಿಡಿಯೋ ಮಾಡಿಟ್ಟುಕೊಳ್ಳಬೇಕು. ಬಿಲ್ಲು, ಚೀಟಿ, ಜಾಹೀರಾತಿನ ಚಿತ್ರ ಮತ್ತು ವಿವರಣೆಗಳನ್ನು ಉಳಿಸಿಕೊಳ್ಳಬೇಕು. ಹಿರಿಯರು ಹಗಲಿನಲ್ಲಿ ನೋಡಿ ಒಪ್ಪುವ ತನಕ ಫಾಲ್ ಹೊಲಿಸಬಾರದು, ರವಿಕೆ ಕಣ ಕತ್ತರಿಸಬಾರದು. ಕತ್ತರಿ ಆಡಿದ ಮೇಲೆ ಹಿಂದಿರುಗಿಸುವ ಮಾತೇ ಇಲ್ಲ.

ಕಾನೂನಿನ ರಕ್ಷೆ ಎಲ್ಲಿಯವರೆಗೆ

ಸೀರೆ ದೋಷಯುಕ್ತವಾಗಿದ್ದರೆ, ವಿವರಣೆಗೆ ವ್ಯತಿರಿಕ್ತವಾಗಿದ್ದರೆ ಅಥವಾ ತಿಳಿಸಿದ ದಿನಾಂಕ ಮೀರಿ ಬಂದರೆ, ಹಿಂದಕ್ಕೆ ಪಡೆಯಲು ಇಲ್ಲವೇ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಪ್ರಕೃತಿ ವಿಕೋಪದಂಥ ಕಾರಣದಿಂದಾದ ವಿಳಂಬಕ್ಕೆ ಮಾತ್ರ ವಿನಾಯಿತಿ ಇದೆ. ಆದರೆ ‘ಬಣ್ಣ ಹಿಡಿಸಲಿಲ್ಲ, ಅತ್ತೆಯವರು ಒಪ್ಪಲಿಲ್ಲ’ ಎಂಬ ಕಾರಣಕ್ಕೆ ಕಾನೂನು ನೆರವಾಗದು. ಅಲ್ಲಿ ಮಾರಾಟಗಾರರ ಷರತ್ತೇ ಅಂತಿಮ.

ದೂರು ನೀಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರಿಂದ ಪರಿಹಾರ ದೊರೆಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮಾರಾಟಗಾರ ಯಾವ ಊರಿನವನೇ ಆಗಿರಲಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 2025ರಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ಹಣ ಪಡೆದವರು ಕಣ್ಮರೆಯಾದರೆ ಅದು ಸೈಬರ್ ವಂಚನೆ. ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಯಾವುದನ್ನು ಎಲ್ಲಿಂದ?

ಮೆಹಂದಿಯ ಉಡುಪು, ಔತಣಕೂಟದ ಸೀರೆ, ಮಕ್ಕಳ ಬಟ್ಟೆ ಇತ್ಯಾದಿಗಳನ್ನು ಆನ್‌ಲೈನ್‌ನಲ್ಲಿ ತರಿಸುವುದರಲ್ಲಿ ಅಪಾಯ ಕಡಿಮೆ. ತಪ್ಪಿದರೂ ಬದಲಿ ಸಿಗುತ್ತದೆ. ನೆಂಟರ ಉಡುಗೊರೆಗೆ ಮೂಡುಬಿದಿರೆಗೆ ಸಮೀಪದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಹಕಾರ ಸಂಘದ ಕೈಮಗ್ಗದ ಉಡುಪಿ ಸೀರೆಗಳಿವೆ. ಜಿಐ ಮಾನ್ಯತೆ ಪಡೆದ ಈ ಹತ್ತಿ ಸೀರೆಗಳನ್ನು ಮುಟ್ಟಿ ನೋಡಿಯೇ ತರಬಹುದು.

ಧಾರೆ ಸೀರೆಯ ಮಾತು ಬೇರೆ. ಅದಕ್ಕಾಗಿ ಸಾಲ ಮಾಡುವ, ಚೀಟಿಯ ಹಣ ಎತ್ತುವ ಮನೆಗಳಿವೆ. ಊರಿನ ಅಂಗಡಿಯಲ್ಲಿ ಬೆಲೆ ಒಂದಷ್ಟು ಹೆಚ್ಚಾದರೂ ಸೆರಗು ಹೆಗಲ ಮೇಲೆ ಹಾಕಿ ನೋಡುವ ಅವಕಾಶವಿದೆ, ಮರುದಿನ ಬದಲಿಸಿಕೊಡುವ ಗುರುತಿನವರಿದ್ದಾರೆ. ಎರಡು ತಿಂಗಳ ಸಮಯ, ಸಿಲ್ಕ್ ಮಾರ್ಕ್, ಜರಿಯ ಬಗ್ಗೆ ಲಿಖಿತ ಭರವಸೆ ಮತ್ತು ಮರಳಿ ಒಯ್ಯುವ ವ್ಯವಸ್ಥೆ ಈ ನಾಲ್ಕೂ ಇದ್ದರೆ ಆನ್‌ಲೈನ್‌ನಲ್ಲಿ ತರಿಸಲು ಅಡ್ಡಿಯಿಲ್ಲ. ನಾಲ್ಕರಲ್ಲಿ ಒಂದು ಇಲ್ಲವಾದರೂ ಧಾರೆ ಸೀರೆಯನ್ನು ಅಂಗಡಿಯಲ್ಲಿ ನೋಡಿ ಕೊಳ್ಳುವುದೇ ಕ್ಷೇಮ.